ಬಿಟ್ಟು ಕಳಿಸಲು ಬಾರದವಳು

ಆ ಕಾಲೇಜಿಗೆ ಸೇರುವುದು ಸುಲಭ, ಬಿಡುವುದು ಮಾತ್ರ ಯಾರಪ್ಪನ ಕೈಯಲ್ಲೂ ಆಗುತ್ತಿರಲಿಲ್ಲ. ಕಾರಣ, ಮೊದಲ ಮಹಡಿಯ ಮೂಲೆ ರೂಮಿನಲ್ಲಿ ಕೂರುತ್ತಿದ್ದ ಅಕ್ಕ.

ಓದು ಅರ್ಧಕ್ಕೆ ಬಿಡಲು ಹೊರಟ ಮಕ್ಕಳನ್ನು ತಡೆದು ಪಾಸು ಮಾಡಿಸುವುದೇ ಅವಳ ನೌಕರಿ. ಬೇಡ ಅನ್ನುತ್ತಿರಲಿಲ್ಲ, ಉಪದೇಶ ಹೇಳುತ್ತಿರಲಿಲ್ಲ. "ಬಿಡು ಮಗಾ, ಧಾರಾಳವಾಗಿ ಬಿಡು. ಹೋಗೋ ಮುಂಚೆ ಇದೊಂದು ಮುಗಿಸಿಕೊಟ್ಟು ಹೋಗು" ಎಂದು ಅರ್ಧಂಬರ್ಧ ಆದ ಯಾವುದೋ ಕೆಲಸ ಗಂಟುಹಾಕುತ್ತಿದ್ದಳು. ಅದು ಮುಗಿಯುವಷ್ಟರಲ್ಲಿ ಪರೀಕ್ಷೆ ಬಂದಿರುತ್ತಿತ್ತು. ಟಿ.ಸಿ. ಕೇಳಲು ಬಂದ ಒಬ್ಬ ಅವಳ ಕಪಾಟು ಜೋಡಿಸುತ್ತಾ ಜೋಡಿಸುತ್ತಾ ರಸಾಯನಶಾಸ್ತ್ರದಲ್ಲಿ ಚಿನ್ನದ ಪದಕ ಹೊಡೆದ. ಇನ್ನೊಬ್ಬನಂತೂ ಡಿಗ್ರಿ ಸಿಕ್ಕಿ, ಮದುವೆಯಾಗಿ, ತಲೆ ಬೋಳಾದರೂ ಹೋಗಲು ಮನಸ್ಸು ಬಾರದೆ ಲೈಬ್ರರಿಯಲ್ಲೇ ಸುಳಿದಾಡುತ್ತಿದ್ದಾನೆ. ನಂಬಿಕೆ ಇಲ್ಲದಿದ್ದರೆ ಹೋಗಿ ನೋಡಿ, ಫ್ಯಾನಿನ ಕೆಳಗಿನ ಕುರ್ಚಿ ಅವನದೇ.

ಈ ಬಲೆಗೆ ಬಿದ್ದ ದೊಡ್ಡ ಮೀನೆಂದರೆ ಲೆಕ್ಕದಣ್ಣ.

ಹುಡುಗರು ಇಟ್ಟ ಹೆಸರು ಅದು. ಬೇರೆ ಊರಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದವನು, ಒಂದು ಟರ್ಮು ಅಂತ ಬಂದು, ಲೆಕ್ಕದಲ್ಲಿ ಹಿಂದೆ ಬಿದ್ದವರಿಗೆ ಹೇಳಿಕೊಡುತ್ತಾ ಅಲ್ಲೇ ಬೇರು ಬಿಟ್ಟಿದ್ದ. ಮೆಟ್ಟಿಲ ಕೆಳಗಿನ ರೂಮು ಅವನದು. ಕಿಟಕಿ ಇಲ್ಲ. ಬಾಗಿಲು ಉಬ್ಬಿಕೊಂಡು, ಭುಜ ಕೊಟ್ಟು ತಳ್ಳಿದರಷ್ಟೇ ತೆರೆಯುತ್ತಿತ್ತು. ಇಡೀ ಕಾಲೇಜು ಅವನ ತಲೆಯ ಮೇಲೆಯೇ ಹತ್ತಿ ಇಳಿಯುತ್ತಿತ್ತು. ಅಷ್ಟು ಸದ್ದಿನಲ್ಲೂ ಒಂದು ಜೊತೆ ಚಪ್ಪಲಿಯ ಸದ್ದು ಬಂದರೆ ಅವನ ಕೈಯ ಸೀಮೆಸುಣ್ಣ ನಿಂತುಬಿಡುತ್ತಿತ್ತು. ಆ ಸದ್ದು ಬಾಗಿಲವರೆಗೆ ಬರುವುದೋ, ಹಾಗೇ ದಾಟಿ ಹೋಗುವುದೋ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಬೋರ್ಡಿನ ಮೇಲೆ ಸಮೀಕರಣ ಅರ್ಧಕ್ಕೇ ನಿಂತಿರುತ್ತಿತ್ತು.

ಮುದಿ ಪ್ರಿನ್ಸಿಪಾಲರೂ ಆ ಚಪ್ಪಲಿಯ ಒಡತಿಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಇವನು ಮಾತ್ರ ಪ್ರಾಣ ಹೋದರೂ ಆ ಪದ ಬಾಯಿಗೆ ತಂದವನಲ್ಲ. ಒಮ್ಮೆ ಅಂದರೆ ಮುಗಿಯಿತು, ಜನ್ಮವಿಡೀ ತಮ್ಮನಾಗಿ ಕೂರಬೇಕು. ಅವಳೂ ಅವನನ್ನು ಎಂದೂ ಅಣ್ಣ ಅಂದಿರಲಿಲ್ಲ. ಆ ಒಂದು ಎಳೆ ಹಿಡಿದು ಅವನು ಎಷ್ಟೋ ಸಂಜೆಗಳನ್ನು ದೂಡಿದ್ದ.

ಆ ಮಧ್ಯಾಹ್ನ ಎದೆ ಗಟ್ಟಿ ಮಾಡಿಕೊಂಡು ಮೂಲೆ ರೂಮಿಗೆ ಹೋದ.

"ಮೇಡಂ, ನಾನು ಕೆಲಸ ಬಿಡ್ತೀನಿ."

"ಬಿಡಿ, ಬಿಡಿ." ಅವಳು ಕತ್ತು ಓರೆ ಮಾಡಿ ನೋಡಿದಳು. "ಆ ಹೊಸ ಹುಡುಗಿ ಒಬ್ಬಳನ್ನ ಟೆಸ್ಟ್ ದಾಟಿಸಿಬಿಟ್ಟು ಹೋಗಿ ಲೆಕ್ಕದವರೇ. ಪಾಪದ್ದು."

"ಹೋದ ಸಲಾನೂ ಇದನ್ನೇ ಹೇಳಿದ್ರಿ."

"ಹೋದ ಸಲ ಹುಡುಗ ಅಲ್ವೇನ್ರೀ?"

ಹೇಳಿ ನಕ್ಕಳು. ನಗು ಮೊದಲು ಒಂದು ಕಣ್ಣಿಗೆ ಬಂದು, ಆಮೇಲೆ ಇನ್ನೊಂದಕ್ಕೆ ದಾಟಿತು. ಅವನ ಗಟ್ಟಿ ಎದೆ ಬೆಣ್ಣೆಯಾಯಿತು.

ನಾಳೆ ಸಂಜೆಯೊಳಗೆ ಯೂನಿವರ್ಸಿಟಿಗೆ ಹೋಗಿ ಹೆಸರು ಮತ್ತೆ ನೋಂದಾಯಿಸದಿದ್ದರೆ ಅವನ ಪಿಎಚ್‌ಡಿ ರದ್ದಾಗುತ್ತಿತ್ತು. ಅದನ್ನು ಅವಳಿಗೆ ಹೇಳಿದರೆ ಈ ಕ್ಷಣವೇ ಓಡಿಸುತ್ತಾಳೆ, ಯಾರ ಓದು ನಿಂತರೂ ಅವಳು ಸಹಿಸುವವಳಲ್ಲ. ಹೇಳದಿದ್ದರೆ ಬಿಡುವುದಿಲ್ಲ. ಅವನಿಗೆ ಬೇಕಿದ್ದದ್ದು ಬೇರೆ. ಯಾವ ಪಾಪದ ಹುಡುಗಿಯನ್ನೂ ನಡುವೆ ತರದೆ, 'ನನಗೋಸ್ಕರ ಇರಿ' ಎಂದು ಅವಳು ಒಂದು ಸಲ ಅನ್ನಬೇಕಿತ್ತು. ಅಂದಿದ್ದರೆ ಇರುತ್ತಿದ್ದನೋ, ಹಗುರಾಗಿ ಹೋಗುತ್ತಿದ್ದನೋ, ಅವನಿಗೂ ತಿಳಿಯದು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ತಂದೆತಾಯಿಗಳ ಫೋನು ಕೇಳಿ ಕೇಳಿ ಅವಳ ಕಿವಿ ಸೋತಿತ್ತು. ಸ್ಪೀಕರ್ ಒತ್ತಿ, ಅವನಿಗೆ 'ಕೂತಿರಿ' ಎಂದು ಕೈಸನ್ನೆ ಮಾಡಿದಳು.

"ಅಕ್ಕಾವ್ರೇ, ನನ್ ಮಗ ಓದು ಬಿಡ್ತಾನೆ ಅಂದೆ. ಆಪರೇಟರು ನಿಮಗೆ ಕೊಟ್ರು."

ಲೆಕ್ಕದಣ್ಣ ಕೂತಲ್ಲೇ ಕಲ್ಲಾದ. ಅದು ಅವನ ತಾಯಿಯ ದನಿ.

"ಅಳಬೇಡಿ ಅಮ್ಮ. ಯಾಕಂತೆ ಬಿಡೋದು?"

"ನಾಳೇನೇ ಕಡೇ ದಿನ. ಹೋಗಿ ಹೆಸರು ಬರೆಸೋ ಅಂದ್ರೆ ಜಪ್ಪಯ್ಯ ಅಂದ್ರೂ ಏಳಲ್ಲ. ಯಾವಳೋ ಹೆಂಗಸು ಹಿಡಿದು ಕೂರಿಸ್ಕೊಂಡಿದಾಳೆ!"

ಅವನು ಎದ್ದ. ಅವಳು ಕಣ್ಣಲ್ಲೇ ಗದರಿ ಮತ್ತೆ ಕೂರಿಸಿದಳು.

"ಎಂಥಾ ಹೆಂಗಸಮ್ಮ ಅವಳು? ಒಬ್ಬರ ಓದು ಹಾಳು ಮಾಡೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?"

"ಹಾಗ್ ಕೇಳಿ! ಇವ್ನಿಗೆ ಅವಳ ಮೇಲೆ ಜೀವ. ಅವಳಿಗೆ ಹೇಳೋಕೆ ಬಾಯಿಲ್ಲ ಗೂಬೆಗೆ."

"ಮೇಡಂ, ಆ ಫೋನು ಸ್ವಲ್ಪ..." ಅಂದ ಅವನು.

"ಶ್! ಅಮ್ಮ, ಅವಳು ಯಾರು ಹೇಳಿ. ನಾನೇ ನೀರಿಳಿಸ್ತೀನಿ."

"ನಿಮ್ಮಲ್ಲೇ ಯಾವ್ದೋ ಮೇಡಂ ಅಂತೆ. ಇವ್ನು ಅಲ್ಲೇ ಮೆಟ್ಟಿಲ ಕೆಳಗಿನ ರೂಮಲ್ಲಿ ಲೆಕ್ಕ ಹೇಳ್ಕೊಡ್ತಾನೆ."

ಅವಳ ಕೈ ಗಾಳಿಯಲ್ಲೇ ನಿಂತಿತು. ಎದುರಿಗಿದ್ದ ಗೂಬೆ ನೆಲ ನೋಡುತ್ತಿತ್ತು.

"ಹಲೋ? ಚೆನ್ನಾಗಿ ಬೈತೀರಿ ತಾನೇ?"

"ಬೈತೀನಮ್ಮ," ಅಂದಳು ಸಣ್ಣ ದನಿಯಲ್ಲಿ. "ಈಗ್ಲೇ ಬೈತೀನಿ."

ಅವಳು ಫೋನು ಇಟ್ಟಳು. ಹೊರಗೆ ಯಾರೋ ಬಾಗಿಲು ತಟ್ಟಿ, ಉತ್ತರ ಬಾರದೆ ಹೋದರು.

"ಆ ಹುಡುಗಿ ಲೆಕ್ಕದ ಕ್ಲಾಸಿನವಳೇ ಅಲ್ಲ," ಅಂದಳು ಕೊನೆಗೆ, ಮುಖ ಆಚೆ ತಿರುಗಿಸಿ. "ಸಂಗೀತದವಳು. ಕಾಡಿ ಬೇಡಿ ನಿಮ್ಮ ಹತ್ರ ಕಳಿಸಿದ್ದೆ."

"ಗೊತ್ತಿತ್ತು. ಲೆಕ್ಕ ಮಾಡುವಾಗ ಮೇಜಿನ ಮೇಲೆ ತಾಳ ಹಾಕ್ತಿದ್ಲು."

"ಗೊತ್ತಿದ್ದೂ ಹೇಳಿಕೊಟ್ರಾ?"

"ನೀವು ಕಳಿಸಿದ್ರಲ್ಲ."

ಅವಳ ಕಿವಿ ಕೆಂಪಾಯಿತು. ಈ ಸಲ ಕೆಂಪಾದದ್ದು ಫೋನಿನಿಂದಲ್ಲ. "ನಾಳೆ ಬೆಳಗ್ಗೆ ಮೊದಲ ಬಸ್ಸು," ಅಂದಳು. "ಉಸಿರೆತ್ತಿದ್ರೆ ನೋಡಿ."

ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಅವಳೇ ಬಂದಳು. ಅವನನ್ನು ಹತ್ತಿಸಿ, ನಂಬಿಕೆ ಸಾಲದೆ ತಾನೂ ಹತ್ತಿದಳು. "ಗೈಡ್ ಬೈದ್ರೆ ತಲೆ ತಗ್ಗಿಸಿ ಕೇಳಿ. ಕ್ಯೂನಲ್ಲಿ ನಿಂತು ವಾಪಸ್ ಬರೋ ಯೋಚನೆ ಮಾಡ್ಬೇಡಿ."

"ಇದೆಲ್ಲ ಕಾಲೇಜಿನ ಮಾತು. ನಿಮ್ಮ ಮಾತು ಏನೂ ಇಲ್ವಾ ಮೇಡಂ?"

ಅವಳು ಬಾಯಿ ತೆರೆದಳು. ಹೋಗಿ ಬನ್ನಿ ಅನ್ನಲು ಎಷ್ಟು ಹೊತ್ತು? ಆದರೆ ಜೀವಮಾನವಿಡೀ ಹಿಡಿದು ನಿಲ್ಲಿಸುವ ಮಾತನ್ನೇ ಆಡಿದ ನಾಲಿಗೆ ಅದು.

"ಇರಿ," ಅಂದುಬಿಟ್ಟಳು. ತಕ್ಷಣ ಹಣೆ ಚಚ್ಚಿಕೊಂಡಳು. "ಅಲ್ಲ, ಹೋಗಿ! ಅಯ್ಯೋ... ನೀವು ಹೋಗ್ಲೇಬೇಕು. ನನ್ ಹತ್ರಾನೂ ಇರ್ಬೇಕು. ಎರಡೂ ಹೇಗ್ರೀ ಆಗುತ್ತೆ? ಲೆಕ್ಕದವರು ನೀವು, ಹೇಳಿ."

ಅವನಿಗೆ ಯಾವ ಲೆಕ್ಕವೂ ಹೊಳೆಯಲಿಲ್ಲ. ಅವಳ ಕಣ್ಣಿನಲ್ಲಿ ನೀರು ತುಂಬಿ, ಬೀಳಲೂ ಒಲ್ಲದೆ ಇಂಗಲೂ ಒಲ್ಲದೆ ಅಂಚಿನಲ್ಲೇ ನಿಂತಿತ್ತು.

"ಥೀಸಿಸ್ ಮುಗಿಸಿ ಬರ್ತೀನಿ. ನಿಮಗೋಸ್ಕರಾನೇ ಬರ್ತೀನಿ."

"ಎಲ್ರೂ ಹಾಗೇ ಅಂತಾರೆ. ಮುಂದಿನ ಸ್ಟಾಪಲ್ಲಿ ಇಳಿದು ಬಂದುಬಿಡ್ತೀರಿ. ನಿಮ್ಮಂಥವರ ಗುಣ ನನಗೆ ಗೊತ್ತಿಲ್ವಾ?"

"ಯಾರಮ್ಮ ಇಳಿಯೋರು?" ಕಂಡಕ್ಟರ್ ಕೂಗಿದ. "ಬಾಗಿಲು ಹಾಕಿದ್ರೆ ಆಮೇಲೆ ಎಲ್ಲೂ ನಿಲ್ಸಲ್ಲ!"

ಅವಳು ಬಾಗಿಲ ಕಡೆ ನೋಡಿದಳು. ಒಂದು ದಿನವೂ ರಜೆ ಹಾಕಿದವಳಲ್ಲ. ಮೂಲೆ ರೂಮಿನ ಮುಂದೆ ಇಷ್ಟು ಹೊತ್ತಿಗೆ ಯಾರೋ ಓದು ಬಿಡಲು ಬಂದು ಕಾಯುತ್ತಿರುತ್ತಾರೆ. ಒಂದು ದಿನ ಕಾಯಲಿ.

"ಹಾಕಪ್ಪ ಬಾಗಿಲು," ಎಂದು ಅವನ ಪಕ್ಕ ಕೂತು ಪ್ರಿನ್ಸಿಪಾಲರಿಗೆ ಫೋನು ಹಚ್ಚಿದಳು. "ಸಾರ್, ಇವತ್ತು ಬರೋಕಾಗಲ್ಲ. ಒಬ್ಬ ಸ್ಟೂಡೆಂಟು ಓದು ಬಿಡೋ ಹಾಗಿದಾನೆ. ಕೌಂಟರ್ ತನಕ ಕೈ ಹಿಡ್ಕೊಂಡೇ ಹೋಗ್ಬೇಕು."

ಕೈ ಆಗಲೇ ಹಿಡಿದಾಗಿತ್ತು. ಆ ಕಡೆಯಿಂದ ಪ್ರಿನ್ಸಿಪಾಲರು ಏನೋ ಕೇಳಿದರು.

"ಇಲ್ಲ ಸಾರ್," ಅಂದಳು ಅವಳು, ಅವನನ್ನೇ ನೋಡುತ್ತಾ. "ಇವನನ್ನ ಮಾತ್ರ ಬಿಡೋ ಮಾತೇ ಇಲ್ಲ."