ಎಂಟು ಮಕ್ಕಳ ಒಂದೇ ಊರು

ಹದಿನೈದರ ಅಂಜಿನಿಯನ್ನು ಹರಪನಹಳ್ಳಿಯ ಖಾಸಗಿ ಆಸ್ಪತ್ರೆಗೆ ತಂದಾಗ ಮಧ್ಯಾಹ್ನ ಮೂರು ಗಂಟೆ. ಪ್ರಜ್ಞೆ ಇಲ್ಲ. ತುಟಿ ನೀಲಿ. ನಶೆಗಾಗಿ ನೋವಿನ ಮಾತ್ರೆ ನುಂಗಿದ್ದ.

“ಮೂರು ತಿಂಗಳಾಗ ಇವ ಎಂಟನೇದಾವ ನೋಡ್ರಿ,” ಎಂದು ನರ್ಸ್ ಶಾಂತಕುಮಾರಿ ರಿಜಿಸ್ಟರ್ ನನ್ನ ಮುಂದಿಟ್ಟರು. “ಎಲ್ಲಾ ಗುಡೇಕೋಟಿ ಮಕ್ಕಳು.”

ನಾನು ಪಿಎಸ್‌ಐ ರೇಖಾ. ಏಳನೆಯ ಕೇಸಿಗೇ ಗುಡೇಕೋಟೆಗೆ ಜೀಪು ಓಡಿಸಿದ್ದೆ. ಬೀಡಿ ಮಾರುವ ಪಕ್ಕೀರಪ್ಪನೇ ಮಾತ್ರೆಯನ್ನೂ ಮಾರುತ್ತಾನೆಂದು ಅವನ ಅಂಗಡಿ ಜಾಲಾಡಿದೆ. ಒಂದು ಮಾತ್ರೆಯೂ ಸಿಗಲಿಲ್ಲ. ಸಿಗದ ಸಿಟ್ಟಿಗೆ ಮುದುಕನ ಕೆನ್ನೆಗೆ ಬಾರಿಸಿದೆ. ಅಂಗಡಿಗೆ ಬೀಗ ಜಡಿದು ಹತ್ತು ದಿನವಾಗಿತ್ತು. ಹಾಗಾದರೆ ಇವತ್ತಿನ ಮಾತ್ರೆ ಎಲ್ಲಿಂದ ಬಂತು?

*

ಠಾಣೆಯ ನಕ್ಷೆಯ ಮೇಲೆ ಬೆರಳಿಟ್ಟೆ. ಗುಡೇಕೋಟೆ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ. ಉಸಿರು ನಿಲ್ಲುತ್ತಿರುವ ಮಗನನ್ನು ಯಾವ ತಾಯಿ ನಡುವಿನ ಎರಡೂ ಊರಿನ ಆಸ್ಪತ್ರೆ ದಾಟಿಸಿ ಇಲ್ಲಿಗೆ ತರುತ್ತಾಳೆ? ಕಣ್ಣೆದುರೇ ಇತ್ತು. ಹತ್ತು ವರ್ಷ ಖಾಕಿ ತೊಟ್ಟವಳಿಗೆ ಕಾಣಲಿಲ್ಲ.

ಅಂಜಿನಿಯ ತಾಯಿ ಹುಲುಗಮ್ಮ ವಾರ್ಡಿನ ಹೊರಗೆ ಕೂತಿದ್ದರು.

“ಗುಡೇಕೋಟ್ಯಾಗ ನಿಮ್ಮ ಮನಿ ಎಲ್ಲಿ ಬರ್ತೈತಮ್ಮ?”

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ನಾನು ಆ ಊರು ನೋಡೇ ಇಲ್ರಿ ಮೇಡಮ್. ಇಲ್ಲೇ ಹಿಂದಿನ ಓಣಿ ನಮ್ದು. ಮನ್ಯಾಗ ಲಗ್ನಕ್ಕ ಬಂದ ಮಗಳು ಅದಾಳ. ತಮ್ಮ ನಶೆ ಮಾಡ್ತಾನ ಅಂದ್ರ ಯಾರು ಬರ್ತಾರ್ರಿ?”

“ಆ ಊರು ಬರೆಸಂತ ಯಾರು ಹೇಳಿದ್ರು?”

“ಮೆಡಿಕಲ್ ಶಾಪಿನ ಗುರುಬಸವರಾಜಣ್ಣ. ದೇವರಂಥ ಮನುಷ್ಯಾರು. ಹುಡುಗ ಬಿದ್ದಾನ ಅಂತ ಅವರೇ ಆಟೋ ತಂದ್ರು. ಮಾತ್ರಿ ಸುದ್ದಿ ಹೊರಗ ಬಂದ್ರ ಮಗಳಿಗೆ ಸಂಬಂಧ ಬರಂಗಿಲ್ಲ, ದೂರದ ಊರು ಹೇಳು ಅಂದ್ರು.”

“ಯಾವಾಗ ಅಂದ್ರು?”

“ಬರೋ ದಾರ್ಯಾಗರಿ. ಆಟೋದಾಗ.”

ಆಗಿನ್ನೂ ಡಾಕ್ಟರು ಹುಡುಗನನ್ನು ಮುಟ್ಟಿಯೇ ಇರಲಿಲ್ಲ. ಮಾತ್ರೆ ಎಂದು ಗುರುಬಸವರಾಜನಿಗೆ ಹೇಳಿದವರು ಯಾರು?

*

ರಿಜಿಸ್ಟರಿನಲ್ಲಿ ಊರು ಸುಳ್ಳು, ಫೋನ್ ನಂಬರು ನಿಜ. ನಂಬರು ಹಿಡಿದು ಹೋದರೆ ಉಳಿದ ಏಳು ಮನೆಯೂ ಹರಪನಹಳ್ಳಿಯವೇ. ಏಳರ ಬಾಯಲ್ಲೂ ಅದೇ ಅಣ್ಣ. ಅವನ ಅಂಗಡಿಯ ಮಾಳಿಗೆಯಲ್ಲಿ ಈ ಮಕ್ಕಳ ಟ್ಯೂಷನ್ ನಡೆಯುತ್ತಿತ್ತು. ಡಾಕ್ಟರ ಚೀಟಿ ಇಲ್ಲದೆ ಮಕ್ಕಳಿಗೆ ಮಾತ್ರೆ ಮಾರುತ್ತಿದ್ದ. ಮಕ್ಕಳು ಬಿದ್ದರೆ ತಾನೇ ಎತ್ತಿಕೊಂಡು ಓಡುತ್ತಿದ್ದ. ತಾಯಂದಿರ ನಾಚಿಕೆಗೆ ಬೇರೆ ಊರಿನ ಹೆಸರು ಕೊಡುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅದೇ ಮಾತ್ರೆಯ ಎರಡು ಪೆಟ್ಟಿಗೆ ಸಿಕ್ಕವು.

“ಗುಡೇಕೋಟೀನೇ ಯಾಕ?” ಎಂದು ಗುರುಬಸವರಾಜನನ್ನು ಕೇಳಿದೆ.

“ಗುಡ್ಡದ ಸೀಮಿ, ಬಡವರ ಊರು. ಅಲ್ಲಿಯವ್ರು ಅಂದ್ರ ಪೊಲೀಸ್ರು ಲಗೂನ ನಂಬ್ತಾರ್ರಿ.”

ಅವನು ತಲೆ ತಗ್ಗಿಸಲಿಲ್ಲ. ತಗ್ಗಿದ್ದು ನನ್ನದು.

*

ಅಂಜಿನಿ ಕಣ್ಣುಬಿಟ್ಟ ಮರುದಿನ ಗುಡೇಕೋಟೆಗೆ ಹೋದೆ. ಪಕ್ಕೀರಪ್ಪನವರ ಕೈಗೆ ಅಂಗಡಿಯ ಕೀಲಿಕೈ ಕೊಟ್ಟು, “ತಪ್ಪಾತ್ರಿ ಯಜಮಾನ್ರ, ಕ್ಷಮಿಸ್ರಿ,” ಎಂದೆ.

ಅವರು ಖಾಲಿ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

“ನನ್ನ ಹೊಡದಿದ್ದು ಸಂತಿ ದಿನ, ಮಂದಿ ಮುಂದರಿ ಮೇಡಮ್. ಸಂತಿ ದಿನಾನೇ ಬರ್ರಿ.”

ಸಂತೆ ಯಾವತ್ತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಇವತ್ತು ಬಂದಿದ್ದೆ.