ಗುತ್ತೆವ್ವ ಕರೆದ ಹೆಸರು

"ಸತ್ತವರ ಹೆಸರಿಗೆ ಓ ಅನಬ್ಯಾಡೋ ತಮ್ಮಾ," ಅಂದ ಗಿರಣಿಯ ಮುದುಕ ಫಕ್ಕೀರಪ್ಪ. "ಹೆಸರು ಅಂದ್ರ ಅಂಗಿ ಅಲ್ಲ, ತೊಟ್ಟು ಕಳದ ಇಡಾಕ."

ಮಲ್ಲೇಶಪ್ಪ ನಕ್ಕ. "ಹಂಗಾರ ಸತ್ತವನ ಬಂದು ಬಿಚ್ಚಿಸಲಿ ತಗೋ ಕಾಕಾ."

ಗದಗಿನ ಕಡೆಯಿಂದ ಹಾನಗಲ್ಲಿಗೆ ಬಂದು ಅವನಿಗೆ ಮೂರು ತಿಂಗಳೂ ತುಂಬಿರಲಿಲ್ಲ. ಕುಬೇರಪ್ಪ ಧಣಿಯ ಅಕ್ಕಿ ಗಿರಣಿಯಲ್ಲಿ ಕೆಲಸ, ಅದರ ಹಿಂದಿನ ಕೋಣೆಯಲ್ಲೇ ವಾಸ. ಹಿಂದೆ ಮುಂದೆ ಯಾರೂ ಇಲ್ಲದ, ಊರಿಗೆ ಗುರುತಿಲ್ಲದ ಆಳು. ಧಣಿಗೆ ಬೇಕಾಗಿದ್ದದ್ದೂ ಅಂಥವನೇ.

ಅದು ಎಪ್ಪತ್ತಾರನೇ ಇಸವಿ. ಉಳುವವನೇ ಹೊಲದೊಡೆಯ ಎಂಬ ಕಾಯಿದೆ ಬಂದು ಧಣಿಗಳ ನಿದ್ದೆ ಕೆಟ್ಟಿದ್ದ ಕಾಲ. ಕುಬೇರಪ್ಪನ ನಾಲ್ಕೆಕರೆ ಗದ್ದೆಯನ್ನು ಇಪ್ಪತ್ತು ವರ್ಷ ಉತ್ತ ತಿಳವಳ್ಳಿಯ ಉಡಚಪ್ಪ, ಅದು ತನಗಾಗಲಿ ಎಂದು ಅರ್ಜಿ ಕೊಟ್ಟು, ವಿಚಾರಣೆಗೆ ಒಂಬತ್ತು ದಿನ ಇರುವಾಗ ಹಾವು ಕಚ್ಚಿ ಸತ್ತಿದ್ದ. ಸಾವು ಇನ್ನೂ ಕಾಗದಕ್ಕೆ ಏರಿರಲಿಲ್ಲ. ಅಷ್ಟರೊಳಗೆ ಯಾರಾದರೂ ಉಡಚಪ್ಪನಾಗಿ ನಿಂತು, ತಾನು ಆ ಗದ್ದೆ ಉತ್ತೇ ಇಲ್ಲ ಅಂದುಬಿಟ್ಟರೆ ಧಣಿಯ ಕೆಲಸ ಹೂವೆತ್ತಿದಷ್ಟು ಹಗುರ.

ವಿಚಾರಣೆ ನಡೆದ ತಾಲೂಕು ಕಚೇರಿಯ ಕೋಣೆಗೆ ಕಿಟಕಿಯಿರಲಿಲ್ಲ. ಹಳೇ ಕಾಗದದ ಮುಗ್ಗಲು ವಾಸನೆ, ಬಾವಲಿಯ ಹಿಕ್ಕೆಯ ನಾತ. ಹೆಸರು ಕೂಗಿದಾಗ ಮಲ್ಲೇಶಪ್ಪ "ಓ" ಅಂದ. ಹೇಳಿಕೆ ಕೊಟ್ಟ, ಹೆಬ್ಬೆಟ್ಟು ಒತ್ತಿದ. ಧಣಿಗೆ ಹೆದರಿ ಊರವರಲ್ಲಿ ಯಾರೂ ಬಂದಿರಲಿಲ್ಲ. ಬಂದವಳು ಉಡಚಪ್ಪನ ಹೆಂಡತಿ ಗುತ್ತೆವ್ವ ಒಬ್ಬಳೇ.

"ಇವ ನಮ್ಮನಿಯವರಲ್ರಿ. ಅವರನ್ನ ಮಣ್ಣಿಗಿಟ್ಟು ಬಂದೇನ್ರಿ."

"ಹಂಗಾರ ನಿನ್ನ ಗಂಡನ ಹೆಸರೇನು, ಹೇಳವ್ವ," ಅಂದರು ಸಾಹೇಬರು.

ಗುತ್ತೆವ್ವ ಬಾಯಿ ಮುಚ್ಚಿದಳು. ಹೆಂಡತಿ ಬಾಯಿಬಿಟ್ಟು ಕರೆದರೆ ಗಂಡನ ಆಯುಷ್ಯ ಸವೆಯುತ್ತದೆ ಅನ್ನುವುದು ಆ ಸೀಮೆಯ ಹೆಂಗಸರ ನಂಬಿಕೆ. ಮೂವತ್ತು ವರ್ಷ ಬಾಳಿದರೂ ಅವಳು ಆ ಹೆಸರನ್ನು ನಾಲಿಗೆಗೆ ತಂದಿರಲಿಲ್ಲ. ದಿನಕರ್ಮ ಮುಗಿಯುವ ಮೊದಲು ತರುವವಳೂ ಅಲ್ಲ.

"ನೋಡ್ರಿ ಸಾಹೇಬ್ರ, ಹೆಸರು ಹೇಳವಲ್ಲಳು," ಅಂದ ಮಲ್ಲೇಶಪ್ಪ. "ನಾನ ಗಂಡ ಅನ್ನಾಕ ಇನ್ನೇನ ಬೇಕ್ರಿ?" ಕಚೇರಿಯೆಲ್ಲ ನಕ್ಕಿತು. ತೀರ್ಪು ಮುಂದಿನ ಸೋಮವಾರ ಎಂದಾಯಿತು.

ಹೊರಗೆ ಜಗಲಿಯ ಮೇಲೆ ಅವಳು ಅವನನ್ನು ತಡೆದು ನಿಂತಳು. ಅಳುತ್ತಿರಲಿಲ್ಲ. "ಅವರ ಹೆಸರ ಕದ್ದಿ. ಈಗ ಕಾಗದದಾಗ ನೀನ ನನ್ನ ಗಂಡ. ಸತ್ತವರಿಗೆ ಆಯುಷ್ಯ ಇಲ್ಲ. ನಿನಗೈತಿ." ಮುಖಕ್ಕೆ ಮುಖ ಕೊಟ್ಟು ಮೆಲ್ಲಗೆ ಕರೆದಳು. "ಉಡಚಪ್ಪ."

ಮಲ್ಲೇಶಪ್ಪನ ಬಾಯಿ ಉಪ್ಪುಪ್ಪಾಯಿತು. ಉಗುಳಿದ. ಹೆಣದ ಗುಂಡಿಗೆ ಹಾಕುವ ಹರಳುಪ್ಪು, ಜೊತೆಗೆ ಹಸಿಮಣ್ಣು.

ಮರುದಿನ ಸಂಜೆ ಗಿರಣಿಯ ಬಾಗಿಲಿಗೆ ಬಂದಳು. ಗಂಡ ಸತ್ತವಳ ಕೈತುಂಬ ಹಸಿರು ಬಳೆ, ಹಣೆತುಂಬ ಕುಂಕುಮ. ನೋಡಿದವರು ಹಿಂದೆ ಸರಿದರು. "ಉಡಚಪ್ಪ," ಅಂದಳು. ಅವನ ಮೊಣಕಾಲು ಕುಸಿದವು. ಮೂರನೆಯ ಸಂಜೆ ಕರೆದಾಗ ತಲೆಗೂದಲು ಬೆಳ್ಳಗಾಯಿತು. ನಾಲ್ಕನೆಯ ಸಂಜೆ ಕರೆದಾಗ ಉರಿಯುವ ಕಂದೀಲು ಎದುರಿಗಿದ್ದೂ ಕಣ್ಣಿಗೆ ಮಬ್ಬುಗತ್ತಲೆ. ಫಕ್ಕೀರಪ್ಪ "ಮಲ್ಲೇಶಾ" ಎಂದು ಭುಜ ಹಿಡಿದು ಅಲ್ಲಾಡಿಸಿದ. ತುಟಿ ಅಲುಗಿದ್ದು ಮಸುಕಾಗಿ ಕಂಡಿತು, ಹೆಸರು ಕೇಳಿಸಲಿಲ್ಲ. ಬೇರೆಲ್ಲ ಮಾತು ಕೇಳುತ್ತಿತ್ತು. ತನ್ನ ಹೆಸರೊಂದೇ ಇಲ್ಲ. ಆಗ ಅವನಿಗೆ ನಿಜವಾದ ಹೆದರಿಕೆ ಹತ್ತಿತು. ತೆವಳಿ ಹೋಗಿ, ಬಾಗಿಲಲ್ಲಿ ಇನ್ನೂ ನಿಂತಿದ್ದ ಅವಳ ಕಾಲು ಹಿಡಿದ.

"ತಪ್ಪಾತು ಯವ್ವಾ. ಕರೀಬ್ಯಾಡ."

"ಸೋಮವಾರ ಎಲ್ಲಾರ ಮುಂದ ಅವರ ಹೆಸರು ಬಿಡು. ನಿಂದು ಹೇಳು," ಅಂದಳು ಗುತ್ತೆವ್ವ. "ಅಲ್ಲೀತನಕ ನಾ ಬಾಯಿ ತೆಗೆಯೂದಿಲ್ಲ."

ಮಾತಿನಂತೆ ಅವಳು ಮತ್ತೆ ಬರಲಿಲ್ಲ. ಮಲ್ಲೇಶಪ್ಪ ಹಗಲೂ ರಾತ್ರಿ ತನ್ನ ಹೆಸರು ಹುಡುಕಿದ. ಅವ್ವ ಕರೆಯುತ್ತಿದ್ದ ದನಿ ನೆನಪಿತ್ತು. ಕರೆದದ್ದು ಏನೆಂದು ನೆನಪಿರಲಿಲ್ಲ.

ಸೋಮವಾರ ಫಕ್ಕೀರಪ್ಪನ ಹೆಗಲು ಹಿಡಿದು ಕಚೇರಿಗೆ ಹೋದ. ಧಣಿ ಮುಂದೆಯೇ ಕೂತಿದ್ದ. "ಯಾರು ನೀನು?" ಸಾಹೇಬರಿಗೆ ಗುರುತು ಹತ್ತಲಿಲ್ಲ. ಮಲ್ಲೇಶಪ್ಪ ಬಾಯಿ ತೆರೆದ. ಮಣ್ಣು ಬಂತು. ಮತ್ತೆ ತೆರೆದ. ಮಣ್ಣು. ಗಂಟಲು ಕಟ್ಟಿತು. ಬಿದ್ದ. ಕಣ್ಣು ತೆರೆದೇ ಇತ್ತು. ಕಿವಿ ಕೇಳುತ್ತಿತ್ತು. ಬೆರಳು ಅಲುಗಲಿಲ್ಲ.

ದವಾಖಾನೆಯ ಕಾಂಪೌಂಡರ ಬಂದು ಮೂಗಿಗೆ ಕೈ ಹಿಡಿದ, ನಾಡಿ ನೋಡಿದ. "ಹೋಗ್ಯಾನ್ರಿ."

"ನಿನ್ನ ಗಂಡ ಏನವ್ವ ಇವ?" ಬಾಗಿಲ ಬಳಿ ನಿಂತಿದ್ದ ಗುತ್ತೆವ್ವನನ್ನು ಸಾಹೇಬರು ಕೇಳಿದರು.

"ನಮ್ಮನಿಯವರು ಮಣ್ಣಾಗಿ ಹದಿನಾರು ದಿನ ಆತ್ರಿ. ಇವ ಯಾರೋ."

ಸಾಹೇಬರು ಧಣಿಯ ಕಡೆ ತಿರುಗಿದರು. ಸುಳ್ಳು ಹೆಬ್ಬೆಟ್ಟಿನ ಕೇಸು ಕುಬೇರಪ್ಪನ ಕಣ್ಣಿಗೆ ಕಟ್ಟಿತು. "ನಾ ಇವನ್ನ ನೋಡೇ ಇಲ್ರಿ." ಫಕ್ಕೀರಪ್ಪ ಏನೋ ಹೇಳಹೋದ. ಧಣಿ ದಿಟ್ಟಿಸಿದ. ಮುದುಕ ನೆಲ ನೋಡಿದ.

ಉಡಚಪ್ಪನೆಂದು ನಿಲ್ಲುವವರು ಯಾರೂ ಉಳಿಯದೆ ಸುಳ್ಳು ಹೇಳಿಕೆಯ ಮೇಲೆ ಗೀಟು ಬಿತ್ತು. ಉಡಚಪ್ಪನ ಅರ್ಜಿ ಉಳಿಯಿತು. ಗುತ್ತೆವ್ವ ಕುಂಕುಮ ಒರೆಸಿ, ಗೋಡೆಗೆ ಕೈ ಬಡಿದು ಎರಡನೇ ಸಲ ಬಳೆ ಒಡೆದುಕೊಂಡು, ಅವತ್ತು ಗಂಡನಿಗಾಗಿ ಬಾಯ್ತುಂಬ ಅತ್ತಳು.

ದಿಕ್ಕಿಲ್ಲದ ಹೆಣವೆಂದು ಪೊಲೀಸರು ಮಲ್ಲೇಶಪ್ಪನನ್ನು ಚಕ್ಕಡಿಗೆ ಹಾಕಿದರು. ಗಾಲಿಯ ಕಿರ್ರ್ ಸದ್ದು. ಅಗೆದ ಮಣ್ಣಿನ ವಾಸನೆ. ಇಳಿಸಿದರು. ಬೆನ್ನಿಗೆ ತಂಪು. ಎದೆಯ ಮೇಲೆ ಉಪ್ಪು. ಇದ್ದೇನೆ, ಜೀವ ಇದೆ, ನೋಡಿ, ಎಂದು ಒಳಗೇ ಕಿರುಚಿದ. ಗುಂಡಿ ತೋಡಿದವನು ಮೊದಲ ಹಿಡಿ ಮಣ್ಣು ಕೈಯಲ್ಲಿ ಹಿಡಿದು ಬಗ್ಗಿದ.

"ಹೆಸರೇನ್ರಿ ಇವಂದು?"

"ಯಾರಿಗೂ ಗೊತ್ತಿಲ್ಲ," ಅಂದ ಪೊಲೀಸ. "ನೀ ಹಾಕು."