ತಲೆಯಾಡಿಸಿದರೆ ಲೆಕ್ಕಕ್ಕಿಲ್ಲ

ಅರ್ಥವಾಯಿತು ಎಂದು ತಲೆಯಾಡಿಸುವುದು ನನಗೆ ರೂಢಿಯಾಗಿಬಿಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಎಲ್ಲರೂ ಏನೇನೋ ವಿವರಿಸಿದರು. ಬ್ಯಾಂಕಿನವರು, ನೆಂಟರು, ಪಕ್ಕದ ಮನೆಯವರು. ನಾನು ತಲೆಯಾಡಿಸಿದೆ. ಅವರು ಸಮಾಧಾನದಿಂದ ಎದ್ದು ಹೋದರು.

ಆ ಮಧ್ಯಾಹ್ನವೂ ಹಾಗೇ ಮಾಡಿದೆ. ಮಾವನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು, ನುಂಗುವುದೂ ಕಷ್ಟವಾಗಿತ್ತು. ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ಮೇಜಿನ ಆಚೆ ಸ್ಪೀಚ್ ಥೆರಪಿಸ್ಟ್ ಎಲ್ಲವನ್ನೂ ನಿಧಾನವಾಗಿ ಹೇಳಿದ. ಬರೀ ನೀರು ಕೊಟ್ಟರೆ ಅದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಪುಡಿ ಬೆರೆಸಿ ಗಟ್ಟಿ ಮಾಡಬೇಕು. ನೆಟ್ಟಗೆ ಕೂರಿಸಬೇಕು, ಗಲ್ಲ ಎದೆಯ ಕಡೆ ಬಗ್ಗಿಸಬೇಕು, ಒಂದೊಂದೇ ಗುಟುಕು ಕೊಡಬೇಕು.

ಆಮೇಲೆ ಲೋಟ, ಚಮಚ, ಪುಡಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದ.

“ಈಗ ನೀವು ನನಗೆ ಹೇಳಿಕೊಡಿ. ನಾನು ಏನೂ ಗೊತ್ತಿಲ್ಲದ ನಿಮ್ಮ ನಾದಿನಿ ಅಂದ್ಕೊಳ್ಳಿ.”

“ಅರ್ಥ ಆಯ್ತಲ್ಲ.”

“ತಲೆ ಆಡಿಸಿದ್ರಿ. ಇಲ್ಲಿ ಅದು ಲೆಕ್ಕಕ್ಕಿಲ್ಲ.”

ಚಮಚ ಹಿಡಿದೆ. ಎಷ್ಟು ಪುಡಿ? ಎಂ.ಎ. ಓದಿದ ಕೈ ಡಬ್ಬಿಯ ಮೇಲೆ ಹಾಗೇ ನಿಂತಿತು.

ಅವನು ನಗಲಿಲ್ಲ. “ಹೆದರಿದವರ ಕಿವಿ ಕೇಳಿಸ್ಕೊಳ್ಳುತ್ತೆ, ಇಟ್ಕೊಳ್ಳಲ್ಲ. ನಾನೇ ಒಂದೇ ಸಲಕ್ಕೆ ಜಾಸ್ತಿ ಹೇಳಿದೆ” ಎಂದ. ಈ ಸಲ ಪುಡಿಯ ವಿಷಯ ಮಾತ್ರ ಹೇಳಿದ. ನಾನು ತಿರುಗಿ ಹೇಳುವವರೆಗೂ ಕಾದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ನನ್ನ ಗಂಡನ ಬಗ್ಗೆ ಹೇಳಿದ್ದರಲ್ಲಿ ಒಂದು ವಾಕ್ಯವೂ ನನ್ನಲ್ಲಿ ಉಳಿದಿಲ್ಲ. ಅವರ ಷರ್ಟಿನ ಒಂದು ಗುಂಡಿ ಬೇರೆ ಬಣ್ಣದ್ದು; ಅಷ್ಟೇ ನೆನಪು. ಯಾರೂ ನನ್ನನ್ನು ತಿರುಗಿ ಕೇಳಿರಲಿಲ್ಲ.

ಮಾವ ಸುಲಭಕ್ಕೆ ಬಗ್ಗುವವರಲ್ಲ. ಥೆರಪಿಸ್ಟ್ ಚಿತ್ರದ ಕಾರ್ಡುಗಳನ್ನು ಬರೆದುಕೊಟ್ಟ. ಗಲ್ಲ ಬಗ್ಗಿಸಿದ ಮನುಷ್ಯ ಕಾಳು ಹೆಕ್ಕುವ ಹುಂಜನ ಹಾಗಿದ್ದ. ಮಾವ ಎಲ್ಲವನ್ನೂ ನೆಲಕ್ಕೆ ತಳ್ಳಿದರು. ಮನೆಯಲ್ಲಿ ನನ್ನ ಕಣ್ಣು ತಪ್ಪಿಸಿ ನಲ್ಲಿಯ ನೀರು ಕುಡಿಯುತ್ತಿದ್ದರು, ಮುಖ ಕಪ್ಪಿಡುವ ಹಾಗೆ ಕೆಮ್ಮುತ್ತಿದ್ದರು. ಆ ಮನೆಯಲ್ಲಿ ಉಳಿದ ಇನ್ನೊಂದು ಉಸಿರು ಅದು. ಅದು ಸರಿಹೋಗುವವರೆಗೆ ನಾನು ಬೆನ್ನು ಸವರುತ್ತ ಕೂತಿರುತ್ತಿದ್ದೆ.

“ಮೊದಲು ಏನು ಕೆಲಸ ಮಾಡ್ತಿದ್ರು?” ಎಂದು ಅವನು ಕೇಳಿದ. ಡ್ರೈವಿಂಗ್ ಸ್ಕೂಲ್ ಎಂದೆ.

ಮುಂದಿನ ವಾರ ಪ್ಲಾಸ್ಟಿಕ್ ತಟ್ಟೆಯೊಂದನ್ನು ಸ್ಟಿಯರಿಂಗಿನಂತೆ ಹಿಡಿದು ಮಾವನ ಪಕ್ಕದ ಕುರ್ಚಿಯಲ್ಲಿ ಕೂತ. ತನಗೆ ಕಾರು ಬರುವುದಿಲ್ಲ, ಕಲಿಸಬೇಕು ಎಂದು ಕೇಳಿಕೊಂಡ. ಅದು ನಾಟಕವಲ್ಲ, ನಿಜವಾಗಿಯೂ ಬರುತ್ತಿರಲಿಲ್ಲ. ಕ್ಲಚ್ ಒತ್ತದೆ ಗೇರ್ ಹಾಕಿದ. ಮಾವ ತಮ್ಮ ಸರಿ ಇರುವ ಕೈಯಿಂದ ಅವನ ಮೊಣಕಾಲಿಗೆ ಫಟಾರನೆ ಬಾರಿಸಿದರು.

“ಎಲ್... ಎಲ್ ಬೋರ್ಡು.”

ಕಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಅದು. ನಾನು ನಕ್ಕುಬಿಟ್ಟೆ. ಆ ಸದ್ದು ಎಲ್ಲಿಂದ ಬಂತೆಂದು ನನಗೇ ತಿಳಿಯಲಿಲ್ಲ. ಅವನು ತಟ್ಟೆ ಹಿಡಿದುಕೊಂಡೇ ತಿರುಗಿ ನೋಡಿದ. ನಗು ಪೂರ್ತಿ ಮುಗಿಯುವವರೆಗೂ ಕಣ್ಣು ತೆಗೆಯಲಿಲ್ಲ. ನಾನು ಸೆರಗು ಸರಿಯಾಗಿದ್ದರೂ ಸರಿಮಾಡಿಕೊಂಡೆ.

ಅಲ್ಲಿಂದ ಮುಂದೆ ಪಾಠ ಮಾವನ ಭಾಷೆಯಲ್ಲೇ ನಡೆಯಿತು. ನೆಟ್ಟಗೆ ಕೂರುವುದು ಸೀಟ್ ಸರಿಮಾಡುವುದು. ಸಣ್ಣ ಗುಟುಕು ಫಸ್ಟ್ ಗೇರ್. ಗಲ್ಲ ಬಗ್ಗಿಸುವುದಕ್ಕೆ ಹಂಪ್. ಗಂಟಲು ಕೆರೆದರೆ ಹಾರ್ನ್. ಊಟವಾದ ಮೇಲೆ ಮಲಗದೆ ಕೂತಿರುವುದು ಹ್ಯಾಂಡ್‌ಬ್ರೇಕ್. ಮಾವ ಒಂದನ್ನೂ ಮರೆಯಲಿಲ್ಲ. ಲೋಟ ತುಟಿಗೆ ಬಂದ ಕೂಡಲೇ “ಹಂಪ್” ಎಂದು ತಾವೇ ಗಲ್ಲ ಇಳಿಸುತ್ತಿದ್ದರು.

ಕೆಮ್ಮು ಕಡಿಮೆಯಾಯಿತು. ಮನೆ ಇನ್ನಷ್ಟು ನಿಶ್ಶಬ್ದವಾಯಿತು. ಸಂಜೆ ಮಾವ ಟಿ.ವಿ. ನೋಡುತ್ತಿದ್ದರು, ನಾನು ಕಿಟಕಿಯಿಂದ ಶೆಡ್ಡಿನಲ್ಲಿದ್ದ ಕಾರು ನೋಡುತ್ತಿದ್ದೆ. ನನ್ನ ಗಂಡ ಹೋದ ಮೇಲೆ ಅದರ ಹೊದಿಕೆ ತೆಗೆದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮಾವ ಅದರಲ್ಲೇ ನನಗೆ ಡ್ರೈವಿಂಗ್ ಕಲಿಸಿದ್ದರು.

ಥೆರಪಿಯ ದಿನ ಮಾತ್ರ ನನ್ನ ದನಿ ನನಗೆ ಕೇಳಿಸುತ್ತಿತ್ತು. ಮನೆಯಲ್ಲಿ ಏನೇನು ಮಾಡಿದೆನೆಂದು ತಿರುಗಿ ಹೇಳಬೇಕಿತ್ತಲ್ಲ. ಅವನು ಕೆನ್ನೆಗೆ ಕೈಕೊಟ್ಟು ಕೇಳುತ್ತಿದ್ದ. ಬೇಕಾದ್ದಕ್ಕಿಂತ ಉದ್ದ ಹೇಳತೊಡಗಿದೆ. ಅದು ಅವನಿಗೆ ಗೊತ್ತಾಗಿತ್ತು. ಗಡಿಯಾರ ನೋಡುತ್ತಿರಲಿಲ್ಲ.

ಕೊನೆಗೆ ಮಾವನಿಗೆ ಇನ್ನು ಬರುವ ಅಗತ್ಯವಿಲ್ಲ ಎಂದ. ಗೇಟಿನವರೆಗೂ ಬಂದ. ಮಾವ ಟ್ಯಾಕ್ಸಿಯಲ್ಲಿ ಕೂತು ಡ್ರೈವರನ ಸೀಟ್ ಬೆಲ್ಟನ್ನು ಪರೀಕ್ಷಿಸುತ್ತಿದ್ದರು.

“ಇವತ್ತಿಗೆ ಫೈಲ್ ಮುಚ್ಚಿದೆ. ಅದಕ್ಕೇ ಇಷ್ಟು ದಿನ ಸುಮ್ನಿದ್ದೆ” ಎಂದ. “ನಿಮ್ಮ ಮಾತು ಕೇಳದೆ ವಾರ ಕಳೆಯೋದು ನನಗೆ ಕಷ್ಟ. ಮನೆಗೆ ಬರ್ಲಾ? ಪೇಷಂಟ್ ನೋಡೋಕಲ್ಲ.”

ನಾನು ತಲೆಯಾಡಿಸಿದೆ. ಅವನು ಮಾತಿಗಾಗಿ ಸ್ವಲ್ಪ ಕಾದ. ನಾನು ಹತ್ತಿದೆ. ಟ್ಯಾಕ್ಸಿ ಹೊರಟಿತು.

ಅವನು ಬರಲಿಲ್ಲ.

ಭಾನುವಾರ ಒಂದು ಲೋಟ ಹೆಚ್ಚಿಗೆ ತೊಳೆದಿಟ್ಟೆ. ಮುಂದಿನ ಭಾನುವಾರವೂ ಇಟ್ಟೆ. ಮಾವ ಲೋಟ ನೋಡಿದರು, ನನ್ನನ್ನು ನೋಡಿದರು. ಟಿ.ವಿ. ಆರಿಸಿದರು.

“ಏನಂದ? ನೀ... ಹೇಳು.”

ಏನಿಲ್ಲ ಮಾವ ಎಂದೆ. ಅವರು ತಮ್ಮ ತಲೆಯನ್ನು ಮೇಲೆ ಕೆಳಗೆ ಆಡಿಸಿ ತೋರಿಸಿ, ಕೈಯನ್ನು ಇಲ್ಲ ಎನ್ನುವಂತೆ ಬೀಸಿದರು. ಕಲಿತ ಪಾಠ ಅವರಿಗೆ ಚೆನ್ನಾಗಿ ನೆನಪಿತ್ತು.

ಹೇಳಿದೆ. ಮನೆಗೆ ಬರಲಾ ಎಂದು ಕೇಳಿದ, ನಾನು ತಲೆಯಾಡಿಸಿದೆ ಎಂದೆ. ಮಾವ ಹಣೆ ಚಚ್ಚಿಕೊಂಡರು.

“ಎಲ್ ಬೋರ್ಡು.” ಈ ಸಲ ಅದು ನನಗೆ.

ಆಮೇಲೆ ಕಿಟಕಿಯ ಆಚೆ ಶೆಡ್ಡಿನ ಕಡೆ ನೋಡಿದರು. ಮಗನ ಕಾರು. ಅವರ ಕಣ್ಣು ತುಂಬಿತು. ಸರಿ ಇರುವ ಕೈಯನ್ನು ನನ್ನ ಕೈಮೇಲೆ ಇಟ್ಟು, ಮೊದಲ ದಿನ ಕಲಿಸಿದ್ದ ಹಾಗೇ, ಬೆರಳು ಒತ್ತಿ ಮೆಲ್ಲಗೆ ಕೆಳಗಿಳಿಸಿದರು.

“ಹ್ಯಾಂಡ್... ಬ್ರೇಕು. ತೆಗಿ, ಮಗು.”

ಬೆಳಿಗ್ಗೆ ಮೆಕ್ಯಾನಿಕ್ ಬಂದು ಹೊಸ ಬ್ಯಾಟರಿ ಹಾಕಿದ. ಸೀಟು ಇನ್ನೂ ನನ್ನ ಗಂಡನ ಕಾಲಿನ ಉದ್ದಕ್ಕೇ ಇತ್ತು. ಅದನ್ನು ಮುಂದಕ್ಕೆ ಎಳೆದುಕೊಳ್ಳುವುದಕ್ಕೆ ತುಂಬ ಹೊತ್ತು ಬೇಕಾಯಿತು. ಪಕ್ಕದಲ್ಲಿ ಕೂತ ಮಾವ ಅವಸರ ಮಾಡಲಿಲ್ಲ.

ಥೆರಪಿಯ ಕೋಣೆಯಲ್ಲಿ ಅವನು ಕಿಟಕಿಯ ಪಕ್ಕ ಒಬ್ಬನೇ ಕೂತು ಊಟ ಮಾಡುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, ಬಾಯಲ್ಲಿ ತುತ್ತು.

“ನೀವು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ, ಸರಿಯಿದೆಯಾ ನೋಡಿ” ಎಂದೆ. “ಮನೆಗೆ ಬರ್ತೀನಿ ಅಂದ್ರಿ. ನನ್ನ ನೋಡೋಕೆ. ನನಗೆ ನನ್ನ ಗಂಡನ ನೆನಪಿದೆ, ಅದು ಹೋಗಲ್ಲ. ಆದ್ರೂ ಬಾಗಿಲು ನೋಡ್ತಾ ಕೂತಿದ್ದೆ. ಬನ್ನಿ.”

ಅವನು ತುತ್ತು ನುಂಗಲಾರದೆ ತಲೆಯಾಡಿಸಿದ.

“ಇಲ್ಲಿ ಅದು ಲೆಕ್ಕಕ್ಕಿಲ್ಲ” ಎಂದೆ.

ಗಲ್ಲ ಬಗ್ಗಿಸಿ ನುಂಗಿದ. “ಬರ್ತೀನಿ” ಎಂದ.

ಹೊರಗೆ ಮಾವ ಹಾರ್ನ್ ಒತ್ತಿದರು.